ನಡುವಿನಾಕಿ

ನಮ್ಮೂರಿನಲ್ಲಿ ಒಳಗಿನ ಮಾತು ಎದುರಿಗೆ ಕೂತವರಿಗೆ ಕೇಳಿಸುವುದಿಲ್ಲ. ಉಪ್ಪು ಕೊಡು ಅಂದರೆ ಕೇಳಿಸುತ್ತದೆ. ಎಮ್ಮೆ ಹಗ್ಗ ಹರಿದುಕೊಂಡು ಓಡಿತು ಅಂದರೆ ಓಣಿಗೆಲ್ಲ ಕೇಳಿಸುತ್ತದೆ. ಆದರೆ ಒಬ್ಬ ಗಂಡಸು ಹೆಂಡತಿಯ ಮುಂದೆ ಕೂತು, ಅವತ್ತು ನಾನು ಹಾಗೆ ಮಾಡಬಾರದಿತ್ತು ಅಂದರೆ, ಅವಳಿಗೆ ಕಾಣುವುದು ತುಟಿ ಅಲುಗುವುದಷ್ಟೇ. ಪಕ್ಕದಲ್ಲಿ ಬೇಳೆ ಆರಿಸುತ್ತ ಕೂತ ಮೂರನೆಯವಳಿಗೆ ಮಾತ್ರ ಅದು ಸ್ಪಷ್ಟವಾಗಿ ಕೇಳಿಸಿರುತ್ತದೆ. ಅವಳು ತಲೆ ಎತ್ತದೆ, "ಅವತ್ತ ಹಂಗ ಮಾಡಬಾರದಿತ್ತು ಅನ್ನಾಕತ್ಯಾನ ನೋಡ" ಅನ್ನುತ್ತಾಳೆ. ಆಗ ಹೆಂಡತಿಗೆ ತಿಳಿಯುತ್ತದೆ. ತಿಳಿದ ಮೇಲೆ ಅಳುವುದೋ ಬೈಯುವುದೋ ಅವಳಿಗೆ ಬಿಟ್ಟದ್ದು. ಹೀಗೇಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹೊಳೆಯಲ್ಲಿ ನೀರಿಗಿಂತ ಮರಳು ಹೆಚ್ಚು ಯಾಕೆ ಎಂದೂ ಯಾರೂ ಕೇಳಿದ್ದಿಲ್ಲ.

ಅದಕ್ಕೇ ನಮ್ಮಲ್ಲಿ ಮನೆ ಕಟ್ಟುವಾಗ ಪಡಸಾಲೆಯಲ್ಲಿ ಎದುರುಬದುರು ಎರಡು ಕಟ್ಟೆ ಹಾಕಿ, ಅಡ್ಡಗೋಡೆಗೆ ಹೊಂದಿಸಿ ಒಂದು ಗಿಡ್ಡ ಕಟ್ಟೆ ಹಾಕುತ್ತಾರೆ. ಒಬ್ಬರು ಕೂಡುವಷ್ಟೇ ಅಗಲ. ಊರಿನ ಅಂಥ ಗಿಡ್ಡ ಕಟ್ಟೆಗಳ ಮೇಲೆ ನಾನು ಮೂವತ್ತು ವರ್ಷ ಕೂತಿದ್ದೇನೆ. ಯಾವ ಮನೆಯ ಕಟ್ಟೆ ತಣ್ಣಗಿದೆ, ಯಾವುದರ ಗಿಲಾವು ಕಿತ್ತು ಸೀರೆಗೆ ಹಿಡಿಯುತ್ತದೆ, ಯಾವ ಮನೆಯವರು ಮಾತು ಮುಗಿಯುವ ಮೊದಲೇ ಚಹಾ ತಂದಿಟ್ಟು ಎಬ್ಬಿಸಲು ನೋಡುತ್ತಾರೆ, ಎಲ್ಲ ಗೊತ್ತು. ಮನೆಯಿಂದ ಮನೆಗೆ ಮಾತು ಒಯ್ಯುವಾಗ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವುದು ನಮ್ಮ ಪದ್ಧತಿ. ಹಾಗೆ ಹೋಗುವವಳನ್ನು ಯಾರೂ ಮಾತನಾಡಿಸುವುದಿಲ್ಲ. ನಾಯಿ ಕೂಡ ಬೊಗಳದೆ ದಾರಿ ಬಿಡುತ್ತದೆ ಎಂದು ನನ್ನ ಗಂಡ ಮಲಕಾಜಪ್ಪ ಚೇಷ್ಟೆ ಮಾಡುತ್ತಾನೆ.

ಈ ಕೆಲಸಕ್ಕೆ ಹೆಸರು ಒಂದೇ ಅಲ್ಲ. ಹೊಲದ ಬದುವಿನ ಜಗಳಕ್ಕೆ ಹೋಗಿ ಹೊರಸಿನ ಮೇಲೆ ಕಾಲು ಚಾಚಿ ಕೂಡುವ ಗಂಡಸಿಗೆ ಮಧ್ಯಸ್ಥ ಅನ್ನುತ್ತಾರೆ. ಅವನಿಗೆ ಹಾಲು ಹೆಚ್ಚಿಗೆ ಹಾಕಿದ ಚಹಾ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಮುಟ್ಟಿ ಮುಟ್ಟಿ ಎರಡೂ ಕಡೆಯವರನ್ನು ಹತ್ತಿರ ತರುವವನು ದಲ್ಲಾಳಿ. ಅದೇ ದಲ್ಲಾಳಿ ಎಂಬ ಮಾತನ್ನು ಸಂತೆಯ ಹೊರಗೆ ಯಾರಿಗಾದರೂ ಅಂದರೆ ಹೊಡೆದಾಟವಾಗುತ್ತದೆ. ಗೌಡರ ಮನೆಯಲ್ಲಿ ಇದೇ ಕೆಲಸ ಸಂಧಾನ. ಗಂಡನ ಕಡೆಯ ಮಾತನ್ನೇ ಎತ್ತಿ ಎತ್ತಿ ಹೇಳುವ ನಾದಿನಿಗೆ ವಕೀಲಿ. ನಮ್ಮಂಥ ಹೆಂಗಸರಿಗೆ ಇರುವುದು ನಡುವಿನಾಕಿ ಎಂಬ ಹೆಸರು. ಅದೂ ಮಾತು ಹೊತ್ತು ಹೋಗುವ ತನಕ. ಇಳಿಸಿದ ಮೇಲೆ ಕೇಳಿದವರ ಮನಸ್ಸು ಹೇಗಿದೆಯೋ ಹಾಗೆ ಹೆಸರು. ಹೋದ ವರ್ಷ ಬಡಿಗೇರ ವಿರೂಪಣ್ಣ ಬೆಳಿಗ್ಗೆ ನನ್ನನ್ನು ಚಾಡಿಕೋರಿ ಅಂದು ಬಾಗಿಲು ಹಾಕಿಕೊಂಡ. ಮಧ್ಯಾಹ್ನ ಅವನ ತಮ್ಮನ ಎರಡನೆಯ ಮಾತು ಒಯ್ದು ಮುಟ್ಟಿಸಿದೆ. ಆಗ ನಾನು "ನಮ್ಮ ತಾಯಿ" ಆದೆ. ಕಟ್ಟೆ ನೀರು ಚಿಮುಕಿಸಿ ಒರೆಸಿದ. ಒಮ್ಮೆ ಜನ ಎಣಿಸಲು ಬಂದ ಗುಮಾಸ್ತ ನನ್ನ ಉದ್ಯೋಗ ಕೇಳಿದಾಗ ಮಲಕಾಜಪ್ಪ, "ಮಾತು ಹೊರತಾಳ್ರೀ" ಅಂದ. ಗುಮಾಸ್ತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ "ಮನೆಗೆಲಸ" ಎಂದು ಬರೆದುಕೊಂಡು ಹೋದ.

ನನಗೆ ಕೆಲಸ ಕಲಿಸಿದವಳು ನನ್ನ ಅತ್ತೆ. ಅವಳು ಹೇಳಿದ್ದು ಎರಡೇ ಸಂಗತಿ. ಹೇಳಿ ಕಳಿಸಿದ್ದಕ್ಕೆ ಕೂಡಿಸಬೇಡ, ಕಳೆಯಬೇಡ. ನಿನಗೆ ಸೇರಿದ ಮಾತನ್ನು ನೀನು ಹೊರಬೇಡ, ಹೊತ್ತರೂ ಅದು ಇಳಿಯುವುದಿಲ್ಲ. ಮೊದಲನೆಯದನ್ನು ನಾನು ಒಂದು ದಿನವೂ ಮರೆತವಳಲ್ಲ. ಎರಡನೆಯದು ನನ್ನ ಮನೆಗೇ ಬಂದು ನಿಂತಾಗ ಗುರುತು ಹಿಡಿಯಲಿಲ್ಲ.

ಹೂವಕ್ಕ ನನ್ನ ಮಗಳು. ಹೆತ್ತವಳು ನನ್ನ ಅಕ್ಕ ಕಾಶವ್ವ. ಮೂರು ಹೆಣ್ಣಿನ ಮೇಲೆ ಅದು ನಾಲ್ಕನೆಯದು. ನನಗೆ ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಮಡಿಲು ಖಾಲಿ. ನಲವತ್ತನೆಯ ದಿನ ಅಕ್ಕ ಕೂಸನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟಳು. ನಡುವೆ ಕೂತಿದ್ದ ಅತ್ತೆ ಎರಡೂ ಕಡೆಯ ಮಾತು ಮುಟ್ಟಿಸಿದಳು. ಕೂಸಿಗೆ ಹೇಳುವುದಿಲ್ಲ ಎಂಬುದೂ ಅದರಲ್ಲಿತ್ತು. ಅದಾದ ಮೇಲೆ ಅಕ್ಕ ಗಂಡನೊಡನೆ ಮರಳಿನ ಆಚೆ ದಂಡೆಗೆ ಹೋಗಿ ನೆಲೆ ನಿಂತಳು. ಒಂದು ತಾಸಿನ ನಡಿಗೆ. ಹೂವಕ್ಕನಿಗೆ ಅವಳು ದೊಡ್ಡವ್ವ. ಬಂದಾಗಲೆಲ್ಲ ಮಗುವಿನ ಕಾಲಿನ ಬೆರಳು ಮುಟ್ಟಿ ನೋಡಿ ಹೋಗುತ್ತಿದ್ದಳು, ಎಣಿಕೆ ಸರಿಯಿದೆಯೋ ಇಲ್ಲವೋ ಎಂಬಂತೆ. ಇಪ್ಪತ್ತೆರಡು ವರ್ಷ ಹೀಗೆ ಸರಿಯಿತು. ಹೂವಕ್ಕನನ್ನು ಇದೇ ಊರಿನ ಮೇಲಿನ ಓಣಿಗೆ ಕೊಟ್ಟೆವು. ಈ ಬೇಸಿಗೆಗೆ ಅವಳಿಗೆ ಏಳು ತಿಂಗಳು ತುಂಬಿತ್ತು. ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದಿದ್ದೆ. ಚೊಚ್ಚಲ ಬಾಣಂತನ ತವರಿನದು. ಅದರಲ್ಲಿ ಎರಡು ಮಾತಿಲ್ಲ.

ಮರಳಿನಲ್ಲಿ ಹಾಕಿದ ಕಲ್ಲಂಗಡಿ ಮುಗಿಯುತ್ತ ಬಂದಿದ್ದ ದಿನ ಅಕ್ಕ ಬಂದಳು. ನಾನು ಬಳ್ಳಿ ಕಿತ್ತು ರಾಶಿ ಹಾಕುತ್ತಿದ್ದೆ. ಅವಳೂ ಸೆರಗು ಸಿಗಿಸಿ ಒಂದು ಸಾಲು ಹಿಡಿದಳು. ಸಾಲಿನ ತುದಿ ಮುಟ್ಟಿದ ಮೇಲೆ ನಡು ನೆಟ್ಟಗೆ ಮಾಡಿಕೊಂಡು ಅಂದಳು.

"ನಿಂಬೆವ್ವಾ, ನಿನ್ನ ಕಡೆ ಒಂದ ಕೆಲಸ ಐತಿ. ಹೂವಕ್ಕಗ ಒಂದ ಮಾತು ಮುಟ್ಟಸಬೇಕು."

"ಹೇಳಕ್ಕಾ. ಮನ್ಯಾಗ ಅದಾಳ. ಈಗ ಹೋಗಿ ಮುಟ್ಟಸ್ತೀನಿ."

"ನಿನ್ನ ಹೆತ್ತಾಕಿ ನಾನು ಅಂತ ಹೇಳು. ಬಾಣಂತನ ನನ್ನ ಮನ್ಯಾಗ ಆಗಲಿ ಅಂತ ಹೇಳು."

ಅದು ಹೂವಕ್ಕನಿಗೆಂದು ಆಡಿದ ಮಾತು, ಆದ್ದರಿಂದ ನನಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಕೈಯಲ್ಲಿದ್ದ ಬಳ್ಳಿಯಲ್ಲಿ ಇನ್ನೂ ಒಂದು ಮಿಡಿ ಇತ್ತು. ಅದನ್ನು ತಿರುವಿ ತಿರುವಿ ನೋಡಿದೆ.

"ಅಕ್ಕಾ, ಇಷ್ಟ ದಿನ ಇಲ್ಲದ್ದು ಈಗ್ಯಾಕ?"

"ಮೂರೂ ಹುಡುಗ್ಯಾರು ನನ್ನ ಮನ್ಯಾಗ ಹಡದರು. ಎಲ್ಲಾರಿಗೂ ನಾನಽ ಮಾಡೀನಿ. ನಾಕನೇದಾಕಿ ಹಡಿಯೂ ಹೊತ್ತಿಗೆ ನಾ ಹೊರಗಿನಾಕಿಗತೆ ಉಡಿ ತುಂಬಿ ಹೋಗ್ಲೇನ? ನೀ ನಡುವಿನಾಕಿ ಹೌದೋ ಅಲ್ಲೋ? ಹೊತ್ತರ ಹೊರು, ಇಲ್ಲಂದ್ರ ಬ್ಯಾರೇದಾಕೀನ ನೋಡ್ತೀನಿ."

ನಾನು ಮೂವತ್ತು ವರ್ಷದಲ್ಲಿ ಬಂದ ಮಾತನ್ನು ತಿರುಗಿಸಿ ಕಳಿಸಿದವಳಲ್ಲ. ಅದಕ್ಕೇ ಹೊತ್ತೆನೋ, ಬೇರೆಯವಳು ಹೇಳುವುದು ಬೇಡ ಎಂದು ಹೊತ್ತೆನೋ, ಈಗಲೂ ತಿಳಿಯದು. ಸೆರಗು ಕಚ್ಚಿದೆ. ದಂಡೆ ಹತ್ತುವಾಗ ಮರಳಿನ ಕಾವು ಅಂಗಾಲಿಗೆ ಹತ್ತುತ್ತಿತ್ತು. ಎದುರು ಬಂದವರು ಸರಿದು ನಿಂತರು. ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕ ಹಾಕಿದೆ: ಇದು ಅಕ್ಕನ ಮಾತು, ಹೋಗುವುದು ಹೂವಕ್ಕನಿಗೆ, ನಾನು ನಡುವೆ.

ಹೂವಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಹೋಗಿ ಗಿಡ್ಡ ಕಟ್ಟೆಯ ಮೇಲೆ ಕೂತೆ. ನಮ್ಮ ಮನೆಯಲ್ಲಿ ನಾನು ಅಲ್ಲಿ ಕೂತದ್ದು ಅದೇ ಮೊದಲು. ಅವಳು ನಕ್ಕಳು.

"ಏನಬೇ, ನಮ್ಮ ಮನೀಗೇ ರಾಯಭಾರ ತಂದೇನ? ಅತ್ತೀ ಮನ್ಯಾವರು ಏನರ ಅಂದ್ರೇನ?"

ಹೇಳಿದೆ. ಅಕ್ಕ ಅಂದದ್ದನ್ನು ಅಕ್ಕ ಅಂದ ಹಾಗೆಯೇ ಹೇಳಿದೆ. ಹೂವಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಗಿಸಿದೆ. ಅವಳು ಇನ್ನೂ ನೋಡುತ್ತಿದ್ದಳು.

"ಕೇಳಸವಲ್ದಬೇ," ಅಂದಳು. "ಬರೇ ತುಟಿ ಅಲಗಾಕತ್ತಾವು."

ಮತ್ತೊಮ್ಮೆ ಹೇಳಿದೆ. ಗಟ್ಟಿಯಾಗಿ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದ ಯಾರಾದರೂ ಕೇಳಿದ್ದರೆ ನಮ್ಮ ಮನೆಯ ಕಥೆ ಸಂಜೆಗೆ ಊರಿನದಾಗುತ್ತಿತ್ತು. ಪುಣ್ಯಕ್ಕೆ ಬಿಸಿಲಿನಲ್ಲಿ ಯಾರೂ ಇರಲಿಲ್ಲ. ಹೂವಕ್ಕನಿಗೆ ನಗು ತಡೆಯಲಾಗಲಿಲ್ಲ.

"ಅಯ್ಯ, ನನಗ ಮುದ್ದು ಮಾಡಾಕ ಕುಂತೀಯೇನಬೇ ನೀನು? ಹೊಟ್ಟಿ ನೋಡಿ ಅಂತಃಕರಣ ಉಕ್ಕಿ ಬಂತೇನ? ಇರ್ಲಿ ತಗೋ, ತಿಳೀತು," ಅಂದು ಒಂದು ಹಿಡಿ ಶೇಂಗಾ ನನ್ನ ಉಡಿಗೆ ಹಾಕಿದಳು.

ನನಗೆ ಆಗ ತಿಳಿಯಿತು. ನಾನು ಮಧ್ಯದಲ್ಲಿ ಇರಲೇ ಇಲ್ಲ. ಊರಿನ ಪ್ರತಿ ಮನೆಯಲ್ಲೂ ಅಡ್ಡಗೋಡೆಗೆ ಒರಗಿ ಕೂತು ಕೂತು, ನನ್ನ ಮನೆಯಲ್ಲಿ ನನ್ನ ಜಾಗ ಎದುರಿನ ಕಟ್ಟೆ ಎಂಬುದನ್ನೇ ಮರೆತಿದ್ದೆ. ಆ ಮಾತಿನ ಒಂದು ತುದಿ ನಾನೇ ಆಗಿದ್ದೆ.

ಸಂಜೆ ಮಲಕಾಜಪ್ಪನಿಗೆ ಹೇಳಿದೆ. ಅವನು ಬೀಡಿಯನ್ನು ಅರ್ಧಕ್ಕೇ ಆರಿಸಿ ಕಿವಿಗೆ ಸಿಕ್ಕಿಸಿದ.

"ಕುಂಬಾರ ಸತ್ಯವ್ವನ್ನ ಕರಿ. ಆಕೀನೂ ನಡುವಿನಾಕೀನಽ ಅಲ್ಲೇನು?"

"ಆಕಿ ಬ್ಯಾಡ."

"ಯಾಕ? ನಿನಗೂ ಆಕೀಗೂ ಆಗಂಗಿಲ್ಲಂತನೋ?"

"ಆಕಿ ಹೇಳೂ ಮುಂದ ಹುಬ್ಬು ಕುಣಸ್ತಾಳ. ನನ್ನ ಮಗಳು ಈ ಮಾತನ್ನ ಕುಣಿಯೂ ಹುಬ್ಬಿನ ಕೆಳಗ ಕೇಳಬಾರದು."

"ಹಂಗಾದ್ರ ಸುಮ್ಮಿರು. ನಿಮ್ಮಕ್ಕಗ ಮುಟ್ಟಲಿಲ್ಲ ಅನ್ನು. ಸುಳ್ಳಲ್ಲಲ್ಲ?"

ಸುಳ್ಳಲ್ಲ. ಅದೇ ನನ್ನನ್ನು ಕಾಡಿತು. ಮೂರು ದಿನ ಆ ಸುಳ್ಳಲ್ಲದ ಮಾತನ್ನು ಇಟ್ಟುಕೊಂಡು ತಿರುಗಿದೆ. ಮಾತು ಇಳಿಯದೆ ಉಳಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಅದೂ ಕೈಯಲ್ಲಿ ತಿರುಗುತ್ತಿತ್ತು. ಮಧ್ಯಾಹ್ನ ಹೊಳೆಯ ಕಡೆ ನೋಡಿದರೆ ಮರಳಿನ ಮೇಲೆ ನೀರಲ್ಲದ ನೀರು ಹರಿಯುತ್ತಿತ್ತು. ಅದರಲ್ಲಿ ಆಚೆ ದಂಡೆಯ ಮನೆಗಳು ತಲೆಕೆಳಗಾಗಿ ತೇಲುತ್ತಿದ್ದವು. ಅಕ್ಕನ ಮನೆಯ ಬೇವಿನ ಮರವೂ ಬೇರು ಮೇಲೆ ಮಾಡಿ ನಿಂತಂತಿತ್ತು. ಅಲ್ಲಿ ಒಬ್ಬಳು ಹೆಂಗಸು ಬಾಗಿಲಲ್ಲಿ ಕೂತು ಈ ಕಡೆಯೇ ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಅಷ್ಟು ದೂರದಿಂದ ಕಾಣುವುದು ಸಾಧ್ಯವಿಲ್ಲ. ಆದರೂ ಕಾಣುತ್ತಿತ್ತು. ಹಿಂದೆ ಹೂವಕ್ಕ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬಸುರಿಯರ ನಿದ್ದೆಗೆ ಒಂದು ವಾಸನೆ ಇರುತ್ತದೆ, ನೆನೆದ ಕಡಲೆಯದು. ನಾನು ಒಂದೂ ಬಸುರು ಹೊತ್ತವಳಲ್ಲ. ಆದರೂ ಆ ವಾಸನೆ ನನ್ನ ಮೈಯದೇ ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ತಂಬಿಗೆ ತಿಕ್ಕುತ್ತ ಕೂತಿದ್ದಾಗ ದಾರಿ ಹೊಳೆಯಿತು. ಹೂವಕ್ಕನಿಗೆಂದು ಆಡಿದರೆ ತಾನೇ ಅವಳಿಗೆ ಕೇಳಿಸದು? ಇನ್ನೊಬ್ಬರಿಗೆಂದು ಅವಳ ಕೈಯಲ್ಲಿ ಕೊಟ್ಟರೆ?

ಕೈ ತೊಳೆದುಕೊಂಡು ಒಳಗೆ ಹೋದೆ. ಈ ಸಲ ಎದುರಿನ ಕಟ್ಟೆಯ ಮೇಲೆ ಕೂತೆ. ಗಿಡ್ಡ ಕಟ್ಟೆ ತೋರಿಸಿ, "ಅಲ್ಲಿ ಕುಂದ್ರು" ಅಂದೆ.

"ನಾನ್ಯಾಕಬೇ? ನನ್ನ ಹೊಟ್ಟಿಗೆ ಆ ಕಟ್ಟಿ ಸಾಲೂದಿಲ್ಲ."

"ಕುಂದ್ರು. ನೀ ಇವತ್ತ ನಡುವಿನಾಕಿ. ನಿಮ್ಮ ದೊಡ್ಡವ್ವಗ ನಂದೊಂದ ಮಾತು ಒಯ್ಯಬೇಕು."

ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಕೂತಳು. ನಾನು ಅವಳ ಮುಖ ನೋಡಲಿಲ್ಲ. ಅಡ್ಡಗೋಡೆಗೆ ತೂಗುಹಾಕಿದ ಜರಡಿಯನ್ನು ನೋಡುತ್ತ ಹೇಳಿದೆ.

"ಕಾಶವ್ವಗ ಹೇಳು. ಅಕ್ಕಾ, ನಲವತ್ತ ದಿನದ ಕೂಸು ನನ್ನ ಕೈಯಾಗಿಟ್ಟಿ. ಹೂವಕ್ಕ ಅಂತ ಹೆಸರಿಟ್ಟೆ. ಇಪ್ಪತ್ತೆರಡ ವರ್ಷ ನಂದಽ ಅಂತ ಬೆಳಸೀನಿ. ನೀ ಹೆತ್ತಾಕಿ ಅಂತ ಆಕೀಗೆ ಹೇಳಾಕ ಕಳಸಿದ್ದಿ, ನನ್ನ ಬಾಯಿಂದ ಅದು ಇಳೀಲಿಲ್ಲ. ನೀ ಬಾಣಂತನ ಕೇಳೀದಿ. ನನಗ ಕೊಡಾಕ ಮನಸಿಲ್ಲ. ಆದ್ರ ಕೊಡೂದು ಬಿಡೂದು ನಂದಲ್ಲ, ನಿಂದೂ ಅಲ್ಲ. ಆಕೀದು. ಇಷ್ಟು ಹೇಳು."

ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಜರಡಿಯಿಂದ ಕಣ್ಣು ಕಿತ್ತು ನೋಡಿದಾಗ ಅವಳು ತನ್ನ ಪಾದವನ್ನು ನೋಡುತ್ತಿದ್ದಳು. ಬಸುರಿಗೆ ಪಾದ ಬಾತು ಬೆರಳುಗಳು ಉಬ್ಬಿದ್ದವು. ಏಳಲು ನೋಡಿದಳು. ನಾನು ಕೈ ಕೊಡಲು ಹೋದೆ. ಹಿಡಿಯಲಿಲ್ಲ. ಗೋಡೆ ಹಿಡಿದು ಎದ್ದಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಸ್ತಿಲು ದಾಟಿದಳು.

ದಂಡೆಯ ಮೇಲೆ ನಿಂತು ನೋಡಿದೆ. ಬಿಸಿಲು ಇಳಿಮುಖವಾಗಿತ್ತು. ಮರಳಿನ ನಡುವೆ ಹೋದಂತೆ ಅವಳ ಕಾಲು ಕರಗಿ, ಹೊಟ್ಟೆಯಿಂದ ಮೇಲಿನ ಮೈ ಮಾತ್ರ ಗಾಳಿಯಲ್ಲಿ ತೇಲಿಕೊಂಡು ಹೋಯಿತು. ಒಮ್ಮೆ ಇಬ್ಬರಾಗಿ ಕಂಡಳು. ಮತ್ತೆ ಒಬ್ಬಳೇ ಆದಳು. ಆಮೇಲೆ ಒಂದು ಕರಿ ಚುಕ್ಕೆ. ಮಲಕಾಜಪ್ಪ ದೂರ ಬಿಟ್ಟು ಅವಳ ಹಿಂದೆ ಹೋದ. ಬಸುರಿ ಹೆಂಗಸು ಒಬ್ಬಳೇ ಹೋಗಬಾರದು ಎಂದಷ್ಟೇ ಅಂದ.

ಅವನು ಕತ್ತಲಾಗುವ ಮೊದಲೇ ಒಬ್ಬನೇ ಬಂದ. "ಅಲ್ಲೇ ಉಳಕೊಂಡಾಳ" ಅಂದ. ಅವನ ತುಟಿ ಅಲುಗಿತು, ನನಗೆ ಕೇಳಿಸಲಿಲ್ಲ. ಏನೋ ಸಮಾಧಾನ ಹೇಳಿರಬೇಕು. ಒಲೆಯ ಮೇಲೆ ಮೂವರಿಗಾಗುವಷ್ಟು ಸಾರು ಇತ್ತು.

ಎರಡು ದಿನ ಹೋದವು. ನನ್ನನ್ನು ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಅಂದೆ. ಮೂರನೆಯ ದಿನ ಹೊತ್ತೇರುವ ಹೊತ್ತಿಗೆ ಮರಳಿನ ಕಡೆಯಿಂದ ಒಬ್ಬಳು ಹೆಂಗಸು ಸೆರಗು ಕಚ್ಚಿಕೊಂಡು ಬರುವುದು ಕಂಡಿತು. ಕುಂಬಾರ ಸತ್ಯವ್ವ. ಯಾರ ಮನೆಗೋ ಎಂದು ನೋಡುತ್ತ ನಿಂತೆ. ನಮ್ಮ ಬಾಗಿಲಿಗೇ ಬಂದಳು. ನನ್ನನ್ನು ದಾಟಿ ಒಳಗೆ ಹೋಗಿ ಗಿಡ್ಡ ಕಟ್ಟೆಯ ಮೇಲೆ ಕೂತು ಸೆರಗು ಬಿಟ್ಟಳು. ನಾನು ಎದುರಿಗೆ ಕೂತೆ. ಮೂವತ್ತು ವರ್ಷ ಜನ ನನ್ನ ಬಾಯಿಯನ್ನು ಹೇಗೆ ನೋಡಿದ್ದರು ಎಂಬುದು ಆಗ ಗೊತ್ತಾಯಿತು.

"ನಿನ್ನ ಮಗಳು ಕಳಸ್ಯಾಳ," ಅಂದಳು. ಹುಬ್ಬು ಕುಣಿಯಲಿಲ್ಲ. "ಅವ್ವಗ ಹೇಳು ಅಂದಾಳ. ನೀ ಕೊಟ್ಟ ಮಾತು ದೊಡ್ಡವ್ವನ ಮುಂದ ಹೇಳಿದೆ, ಆಕೀಗೆ ಕೇಳಸಲಿಲ್ಲ. ಅದು ನನ್ನ ಮಾತೂ ಆಗಿತ್ತಲ್ಲ. ಬರೇ ನನ್ನ ತುಟಿ ಅಲಗೂದು ನೋಡಿ, ನನಗ ಎಲ್ಲಾ ತಿಳದೈತಿ ಅಂತ ಆಕೀಗೆ ತಿಳೀತು. ಎದ್ದು ಹೋಗಿ ಮಸರು ಅನ್ನ ಕಲಸ್ಕೊಂಡ ಬಂದು ತಿನ್ನು ಅಂದಳು. ತಿಂದೆ. ಮಲಗು ಅಂದಳು. ಮಲಗಿದೆ."

ಸತ್ಯವ್ವ ಉಸಿರು ತೆಗೆದುಕೊಂಡಳು.

"ಇನ್ನ ಎರಡನೇ ಮಾತು. ಬಾಣಂತನ ದೊಡ್ಡವ್ವನ ಕಡೆ ಆಗಲಿ ಅಂದಾಳ. ಹೆತ್ತಾಕಿ ಮನ್ಯಾಗ ಹಡೀತೀನಿ. ಆದ್ರ ಕೂಸಿಗೆ ನೀರ ಎರಿಯಾಕಿ ಅವ್ವ. ನನ್ನ ಎರದದ್ದು ಅವ್ವನ ಕೈ. ಬ್ಯಾರೆ ಕೈ ಗೊತ್ತಿಲ್ಲ ನನಗ. ಅವ್ವ ಮೂರ ತಿಂಗಳು ಅಲ್ಲೇ ಬಂದಿರಲಿ. ಬರೂದಿಲ್ಲಂದ್ರ ನಾ ಇಬ್ಬರ ಮನ್ಯಾಗೂ ಹಡಿಯೂದಿಲ್ಲ, ಅತ್ತೀ ಮನೀಗೆ ಹೋಕ್ಕೀನಿ. ಇಷ್ಟಽ."

ಮನೆಯೊಳಗೆ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು. ಅದರಲ್ಲಿ ಧೂಳಿನ ಕಣ ಮೇಲೆ ಕೆಳಗೆ ಆಡುತ್ತಿತ್ತು.

"ಸತ್ಯವ್ವಾ, ಸಿಟ್ಟಿನ್ಯಾಗದಾಳೇನ?" ಅಂದೆ.

"ಅದನ್ನ ಹೇಳು ಅಂದಿಲ್ಲ."

"ನೀ ನೋಡೀಯಲ್ಲ. ಮುಖ ಹೆಂಗಿತ್ತು?"

"ನಿಂಬೆವ್ವಾ," ಅಂದಳು ಸತ್ಯವ್ವ, ಮೆತ್ತಗೆ. "ನಿನಗ ನಾ ಹೇಳಿಕೊಡಬೇಕೇನ ಈ ಕೆಲಸ?"

ಅವಳಿಗೆ ಚಹಾ ಮಾಡಿಕೊಟ್ಟೆ. ಹಾಲು ಹೆಚ್ಚಿಗೆ ಹಾಕಿದೆ. ಕುಡಿದು ಹೋದಳು. ನಾನು ಬಾಗಿಲು ಮುಂದಕ್ಕೆಳೆದು ಮರಳಿಗಿಳಿದೆ. ದಿನ ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು. ಆದರೆ ಅಕ್ಕನ ಬಚ್ಚಲ ಒಲೆ ನನಗೆ ಗೊತ್ತಿತ್ತು. ಹಂಡೆ ಒಂದು ಕಡೆ ವಾಲುತ್ತದೆ, ಹೊಗೆಯೆಲ್ಲ ಒಳಗೇ ಸುತ್ತುತ್ತದೆ. ಆ ಹೊಗೆಯಲ್ಲಿ ಹಸುಗೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು ಆಗದ ಮಾತು.

ಅಕ್ಕ ಬೇವಿನ ಕೆಳಗೆ ಕೂತಿದ್ದಳು. ಹೂವಕ್ಕ ಒಳಗೆ ಮಲಗಿದ್ದಳು. ನಾನು ಬಂದ ಸಪ್ಪಳಕ್ಕೆ ಮಗ್ಗುಲಾದಳು, ಕಣ್ಣು ತೆರೆಯಲಿಲ್ಲ. ತೆರೆಯದೆ ಇದ್ದದ್ದು ನಿದ್ದೆಗೋ ಬೇರೆ ಯಾತಕ್ಕೋ. ನಾನು ನಿಲ್ಲದೆ ನೆಟ್ಟಗೆ ಬಚ್ಚಲಿಗೆ ಹೋಗಿ ಒಲೆಯ ಕಲ್ಲು ಅಲುಗಿಸಿ ನೋಡಿದೆ. ಹಿಂದೆಯೇ ಬಂದ ಅಕ್ಕ ಹಾರೆ ತಂದುಕೊಟ್ಟಳು. ಇಬ್ಬರೂ ಕೂಡಿ ಹಳೆಯ ಒಲೆಯನ್ನು ಒಡೆದು ತೆಗೆದೆವು. ಹುಲ್ಲು ಹಾಕಿ ಮಣ್ಣು ತುಳಿದು, ಕಲ್ಲು ಕೂಡಿಸಿ ಹೊಸ ಒಲೆ ಹಾಕಿದೆವು. ಹೊಗೆ ಹೋಗಲು ಗೋಡೆಗೆ ಒಂದು ಕಂಡಿ ಕೊರೆದೆವು. ಹಂಡೆ ಇಟ್ಟು, ನೀರು ಹಾಕಿ, ಅದು ಯಾವ ಕಡೆಗೂ ವಾಲದೆ ನಿಂತದ್ದನ್ನು ನೋಡಿ ಮತ್ತೆ ಕೆಳಗಿಳಿಸಿದೆವು.

ಅಂಚು ಮೆತ್ತುತ್ತಿದ್ದಾಗ ಅಕ್ಕ ಮಣ್ಣುಗೈಯಲ್ಲೇ ನನ್ನ ಕಡೆ ತಿರುಗಿದಳು. ತುಟಿ ಅಲುಗಿದವು. ಬಹಳ ಹೊತ್ತು ಅಲುಗಿದವು. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲಿನ ಮಣ್ಣಿನಲ್ಲಿ ಗೆರೆ ಬಿತ್ತು. ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಯಾರನ್ನಾದರೂ ಕರೆಯಲೇ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಬೇಡ ಅನ್ನಿಸಿತು. ಅವಳು ಮುಗಿಸುವ ತನಕ ನೋಡುತ್ತ ಕೂತೆ.

"ಮಣ್ಣು ಸಾಲೂದಿಲ್ಲ ಅಕ್ಕಾ," ಅಂದೆ. "ಇನ್ನೊಂದ ಬುಟ್ಟಿ ಬೇಕು."

ಅದು ಅವಳಿಗೆ ಕೇಳಿಸಿತು. ಮೂಗು ಒರೆಸಿಕೊಂಡು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಮಣ್ಣು ತರಲು ಹೋದಳು.